ಇಪ್ಪತ್ತನಾಲ್ಕು ರೂಪಗಳು ಮತ್ತು ಎಣಿಕೆಯ ಶಾಸ್ತ್ರ

ಕಳೆದ ಕಾರ್ತಿಕ ಮಾಸದ ಒಂದು ಸಂಜೆ, ಪ್ರವಚನ ಮುಗಿದು ಮಂಗಳಾರತಿಯಾದ ಬಳಿಕ, ಯಲಹಂಕದ ಗೃಹಸ್ಥರೊಬ್ಬರು ದೊಡ್ಡದೊಂದು ಚಿತ್ರಪಟವನ್ನು ಸುರುಳಿ ಸುತ್ತಿಕೊಂಡು ನಮ್ಮಲ್ಲಿಗೆ ಬಂದರು. ಕೇಶವಾದಿ ಚತುರ್ವಿಂಶತಿ ಮೂರ್ತಿಗಳ ಪಟವದು. ಸಾಲಿಗೆ ಆರರಂತೆ ನಾಲ್ಕು ಸಾಲು. ಒಂದೊಂದು ಮೂರ್ತಿಯ ಕೆಳಗೂ ಹೆಸರು. ಬಣ್ಣವೂ ಅಚ್ಚೂ ಚೆನ್ನಾಗಿಯೇ ಇದ್ದವು. ಆದರೆ ಅವರ ಮೊಮ್ಮಗಳು, ಹನ್ನೊಂದು ವರ್ಷದ ಹುಡುಗಿ, ಅದನ್ನು ದಿಟ್ಟಿಸಿ ನೋಡಿ, “ತಾತ, ಈ ಎರಡು ದೇವರ ಕೈಯಲ್ಲೂ ಎಲ್ಲವೂ ಒಂದೇ ಕ್ರಮದಲ್ಲಿವೆ, ಹೆಸರು ಮಾತ್ರ ಬೇರೆ ಬೇರೆ ಏಕೆ?” ಎಂದು ಕೇಳಿದಳಂತೆ. ತಾತನವರಿಗೆ ಉತ್ತರ ತೋಚಲಿಲ್ಲ. ಪಟದಲ್ಲಿ ತಪ್ಪಿದೆಯೇ? ಇದ್ದರೆ ಎಲ್ಲಿ? ಇಂಥದನ್ನು ದೇವರ ಮನೆಯಲ್ಲಿ ಹಾಕಬಹುದೇ, ಕೂಡದೇ? ಇವು ಅವರ ಸಂಶಯಗಳು.

ಮಗುವಿನ ಪ್ರಶ್ನೆ ಚಿಕ್ಕದು. ಅದರ ಹಿಂದಿರುವ ಶಾಸ್ತ್ರ ದೊಡ್ಡದು. ಒಂದು ವಸ್ತುವು ಎಷ್ಟು ಬಗೆಯಾಗಿ ಇರಬಲ್ಲುದು, ಆ ಬಗೆಗಳಲ್ಲಿ ಯಾವುದೂ ಬಿಟ್ಟುಹೋಗಿಲ್ಲ, ಯಾವುದೂ ಎರಡು ಸಲ ಬಂದಿಲ್ಲ ಎಂದು ನಿಶ್ಚಯಿಸುವುದು ಹೇಗೆ? ಈ ವಿಚಾರಕ್ಕೆ ನಮ್ಮ ಪೂರ್ವಿಕರು ಅಂಕಪಾಶವೆಂದೂ ಪ್ರಸ್ತಾರವೆಂದೂ ಹೆಸರಿಟ್ಟರು. ಇಂದಿನ ಶಾಲೆಗಳಲ್ಲಿ ಮಕ್ಕಳು ಇದನ್ನೇ ಕ್ರಮಯೋಜನೆ ಮತ್ತು ವಿಕಲ್ಪಗಳೆಂಬ ಪಾಠವಾಗಿ ಓದುತ್ತಾರೆ. ಈ ಸಂಚಿಕೆಯಲ್ಲಿ ಆ ಎಣಿಕೆಯ ಶಾಸ್ತ್ರವನ್ನು ಸ್ವಲ್ಪ ಪರಿಚಯ ಮಾಡಿಕೊಂಡು, ಕೊನೆಯಲ್ಲಿ ಆ ಪಟದ ಬಳಿಗೆ ಮರಳೋಣ.

ನಾಲ್ಕು ಕೈ, ನಾಲ್ಕು ಆಯುಧ

ಆಚಮನ ಕಾಲದಲ್ಲಿ ನಾವು ನಿತ್ಯವೂ ಉಚ್ಚರಿಸುವ ಕೇಶವ, ನಾರಾಯಣ, ಮಾಧವ, ಗೋವಿಂದ ಎಂದು ಮೊದಲಾಗಿ ಹರಿ, ಕೃಷ್ಣ ಎಂದು ಮುಗಿಯುವ ನಾಮಗಳು ಇಪ್ಪತ್ತನಾಲ್ಕು. ಈ ಎಲ್ಲ ಮೂರ್ತಿಗಳೂ ಚತುರ್ಭುಜಗಳೇ. ಎಲ್ಲರ ಕೈಯಲ್ಲಿಯೂ ಶಂಖ, ಚಕ್ರ, ಗದೆ, ಪದ್ಮ ಎಂಬ ನಾಲ್ಕೇ. ಹಾಗಾದರೆ ಶಿಲ್ಪಿಯು ಒಂದು ಮೂರ್ತಿಯನ್ನು ಇನ್ನೊಂದರಿಂದ ಬೇರೆ ಮಾಡುವುದು ಹೇಗೆ? ಯಾವ ಕೈಯಲ್ಲಿ ಯಾವುದು ಎಂಬುದರಿಂದ. ಕೆಳಗಿನ ಬಲಗೈಯಿಂದ ಆರಂಭಿಸಿ, ಮೇಲಿನ ಬಲಗೈ, ಮೇಲಿನ ಎಡಗೈ, ಕೆಳಗಿನ ಎಡಗೈ ಎಂದು ಪ್ರದಕ್ಷಿಣ ಕ್ರಮದಲ್ಲಿ ಓದುವುದು ರೂಢಿ. ಅಗ್ನಿಪುರಾಣದ ಕ್ರಮದಂತೆ ಕೇಶವನಿಗೆ ಪದ್ಮ, ಶಂಖ, ಚಕ್ರ, ಗದೆ. ನಾರಾಯಣನಿಗೆ ಶಂಖ, ಪದ್ಮ, ಗದೆ, ಚಕ್ರ. ಹೊಯ್ಸಳರ ಕಾಲದ ದೇವಾಲಯಗಳ ಹೊರಗೋಡೆಗಳ ಮುಂದೆ ನಿಂತು ವಿಷ್ಣುಮೂರ್ತಿಗಳ ಕೈಗಳನ್ನು ಈ ಕ್ರಮದಲ್ಲಿ ಓದುತ್ತ ಬಂದರೆ, ಒಂದೇ ಬಗೆಯಾಗಿ ಕಾಣುತ್ತಿದ್ದ ವಿಗ್ರಹಗಳು ಬೇರೆ ಬೇರೆ ಹೆಸರಿನಿಂದ ಮಾತನಾಡತೊಡಗುತ್ತವೆ.

ಈಗ ಎಣಿಸೋಣ. ಮೊದಲ ಕೈಗೆ ನಾಲ್ಕರಲ್ಲಿ ಯಾವುದನ್ನಾದರೂ ಕೊಡಬಹುದು. ಅದನ್ನು ಕೊಟ್ಟ ಮೇಲೆ ಎರಡನೆಯ ಕೈಗೆ ಮೂರು ಆಯ್ಕೆಗಳು. ಮೂರನೆಯ ಕೈಗೆ ಎರಡು. ಕೊನೆಯ ಕೈಗೆ ಉಳಿದುದೊಂದೇ. ಆದುದರಿಂದ ೪ × ೩ × ೨ × ೧ = ೨೪. ಹೆಚ್ಚೂ ಇಲ್ಲ, ಕಡಮೆಯೂ ಇಲ್ಲ. ನಾಮಗಳು ಇಪ್ಪತ್ತನಾಲ್ಕು, ವಿನ್ಯಾಸಗಳೂ ಇಪ್ಪತ್ತನಾಲ್ಕು.

ಇವನ್ನು ಬರೆದು ನೋಡಬೇಕೆಂದರೆ ಒಂದು ಶಿಸ್ತು ಬೇಕು. ಮನಸ್ಸಿಗೆ ಬಂದಂತೆ ಬರೆದರೆ ಒಂದು ಎರಡು ಸಲ ಬರುವುದು, ಮತ್ತೊಂದು ಬಿಟ್ಟುಹೋಗುವುದು. ಶಂಖಕ್ಕೆ ಶ, ಚಕ್ರಕ್ಕೆ ಚ, ಗದೆಗೆ ಗ, ಪದ್ಮಕ್ಕೆ ಪ ಎಂದಿಟ್ಟುಕೊಂಡು ಮೊದಲ ಕೈಯಲ್ಲಿ ಪದ್ಮವನ್ನೇ ನಿಲ್ಲಿಸಿದರೆ ಬರುವುವು ಇಷ್ಟು:

ಪಶಚಗ, ಪಶಗಚ, ಪಚಶಗ, ಪಚಗಶ, ಪಗಶಚ, ಪಗಚಶ.

ಇವು ಆರು. ಹೀಗೆಯೇ ಶಂಖದಿಂದ ಆರು, ಚಕ್ರದಿಂದ ಆರು, ಗದೆಯಿಂದ ಆರು. ಹೀಗೆ ಕ್ರಮವಾಗಿ ಹರಡಿ ಬರೆಯುವುದಕ್ಕೇ ಪ್ರಸ್ತಾರವೆಂದು ಹೆಸರು.

ಲೀಲಾವತಿಯ ಪ್ರಶ್ನೆ

ಇದು ನಾವು ಹೊಸದಾಗಿ ಕಟ್ಟಿದ ಉದಾಹರಣೆಯಲ್ಲ. ೧೧೫೦ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯರು ಅದರ ಗಣಿತಭಾಗವಾದ ಲೀಲಾವತಿಯ ಅಂಕಪಾಶ ಪ್ರಕರಣದಲ್ಲಿ ಇದೇ ಪ್ರಶ್ನೆಯನ್ನು ಕೇಳಿದ್ದಾರೆ. ಹತ್ತು ಕೈಗಳಲ್ಲಿ ಪಾಶ, ಅಂಕುಶ, ಡಮರು, ಶೂಲ ಮೊದಲಾದ ಹತ್ತನ್ನು ಅದಲು ಬದಲಾಗಿ ಹಿಡಿದರೆ ಶಂಭುವಿಗೆ ಎಷ್ಟು ಮೂರ್ತಿಭೇದಗಳು? ನಾಲ್ಕು ಕೈಗಳಲ್ಲಿ ಗದೆ, ಚಕ್ರ, ಪದ್ಮ, ಶಂಖಗಳನ್ನು ಹಿಡಿದ ಹರಿಗೆ ಎಷ್ಟು? ಹರಿಯ ಲೆಕ್ಕ ಮೇಲೆ ಕಂಡಂತೆ ೨೪. ಶಂಭುವಿನ ಲೆಕ್ಕಕ್ಕೆ ಹತ್ತರಿಂದ ಒಂದರವರೆಗಿನ ಅಂಕಗಳನ್ನು ಗುಣಿಸಬೇಕು; ಬರುವುದು ೩೬,೨೮,೮೦೦.

ಇಲ್ಲಿ ಓದುಗರು ಒಂದು ಕ್ಷಣ ನಿಂತು ಯೋಚಿಸಬೇಕು. ಇಪ್ಪತ್ತನಾಲ್ಕು ರೂಪಗಳನ್ನು ಒಂದು ಪಟದಲ್ಲಿ ಬರೆಯಬಹುದು. ಮೂವತ್ತಾರು ಲಕ್ಷ ಚಿತ್ರಗಳನ್ನು ನಿಮಿಷಕ್ಕೊಂದರಂತೆ ಹಗಲೂ ರಾತ್ರಿಯೂ ಬರೆಯುತ್ತ ಹೋದರೆ ೨,೫೨೦ ದಿನಗಳು, ಎಂದರೆ ಏಳು ವರ್ಷಗಳಿಗೆ ಸ್ವಲ್ಪ ಕಡಮೆ, ಬೇಕಾಗುತ್ತದೆ. ಆದರೂ ಅವುಗಳ ಸಂಖ್ಯೆಯನ್ನು ಕಾಗದದ ಮೂಲೆಯಲ್ಲಿ ಎರಡು ನಿಮಿಷದಲ್ಲಿ ಹೇಳಬಲ್ಲೆವು. ಪಟ್ಟಿ ಮಾಡದೆಯೇ ಎಣಿಸುವುದೇ ಈ ಶಾಸ್ತ್ರದ ಹೃದಯ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಪಟದಲ್ಲಿರುವ ಇಪ್ಪತ್ತನಾಲ್ಕು ಚಿತ್ರಗಳನ್ನೇ ಬಿಡಿಬಿಡಿಯಾಗಿ ಕತ್ತರಿಸಿ ಒಂದೇ ಸಾಲಿನಲ್ಲಿ ತೂಗುಹಾಕುವ ಕ್ರಮಗಳು ಎಷ್ಟು? ಇಪ್ಪತ್ತನಾಲ್ಕರಿಂದ ಒಂದರವರೆಗೆ ಗುಣಿಸಿದರೆ ಇಪ್ಪತ್ತನಾಲ್ಕು ಅಂಕೆಗಳ ಒಂದು ಮಹಾಸಂಖ್ಯೆ ಬರುತ್ತದೆ. ಸೆಕೆಂಡಿಗೆ ಹತ್ತು ಲಕ್ಷ ಕ್ರಮಗಳನ್ನು ಪರೀಕ್ಷಿಸುವ ಯಂತ್ರವೂ ಅದನ್ನು ಮುಗಿಸಲು ೧,೯೦೦ ಕೋಟಿ ವರ್ಷಗಳಿಗಿಂತ ಹೆಚ್ಚು ಕಾಲವನ್ನು ತೆಗೆದುಕೊಳ್ಳುತ್ತದೆ. ವಿಜ್ಞಾನಿಗಳು ವಿಶ್ವಕ್ಕೆ ಹೇಳುವ ವಯಸ್ಸೇ ಸುಮಾರು ೧,೩೮೦ ಕೋಟಿ ವರ್ಷ. ಗಣಕಯಂತ್ರಗಳು ಎಷ್ಟೇ ವೇಗವಾಗಿ ಓಡಿದರೂ ಎಲ್ಲವನ್ನೂ ಒಂದೊಂದಾಗಿ ನೋಡಿ ಮುಗಿಸಲಾರವು ಎಂಬುದು ಇದರಿಂದ ತಿಳಿಯುತ್ತದೆ. ಬ್ಯಾಂಕಿನ ವ್ಯವಹಾರವನ್ನು ಕಾಪಾಡುವ ಗೂಢಲಿಪಿಗಳ ಭದ್ರತೆ ಬಹುಮಟ್ಟಿಗೆ ನಿಂತಿರುವುದು ಇಂತಹ ದೊಡ್ಡ ಎಣಿಕೆಗಳ ಮೇಲೆಯೇ.

ಆರು ರಸಗಳ ಲೆಕ್ಕ

ಕೈಗಳ ಲೆಕ್ಕದಲ್ಲಿ ಕ್ರಮ ಮುಖ್ಯವಾಗಿತ್ತು. ಕ್ರಮ ಮುಖ್ಯವಲ್ಲದ ಲೆಕ್ಕಗಳೂ ಉಂಟು. ಯುಗಾದಿಯಂದು ಬೇವು ಬೆಲ್ಲ ತಿನ್ನುತ್ತೇವೆ. ಬೇವು ಮೊದಲು ಹಾಕಿದರೂ ಬೆಲ್ಲ ಮೊದಲು ಹಾಕಿದರೂ ಮಿಶ್ರಣ ಒಂದೇ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಆರು ರಸಗಳನ್ನು ಬೇಕಾದಷ್ಟು ಕೂಡಿಸಿದರೆ ಎಷ್ಟು ಬಗೆಯ ರುಚಿಗಳಾಗುತ್ತವೆ?

ಈ ಪ್ರಶ್ನೆಗೆ ಉತ್ತರ ಕೊಡುವ ಸಾಮಾನ್ಯ ಸೂತ್ರವನ್ನು ಸ್ಪಷ್ಟವಾಗಿ ಹೇಳಿದವರಲ್ಲಿ ಮೊದಲಿಗರು ನಮ್ಮ ನಾಡಿಗೆ ಸೇರಿದವರು. ಸುಮಾರು ೮೫೦ರಲ್ಲಿ ಗಣಿತಸಾರಸಂಗ್ರಹವನ್ನು ಬರೆದ ಜೈನಪಂಡಿತ ಮಹಾವೀರಾಚಾರ್ಯರು ತಮ್ಮ ಗ್ರಂಥದಲ್ಲಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿದ್ದಾರೆ. ಆ ನೃಪತುಂಗನ ರಾಜಧಾನಿ ಮಾನ್ಯಖೇಟ; ಟೀಕಾಚಾರ್ಯರ ಹೆಸರಿನೊಡನೆ ನಮ್ಮ ಓದುಗರು ನೆನೆಯುವ ಇಂದಿನ ಮಳಖೇಡವೇ ಅದು. ಯಾತ್ರೆಗೆ ಹೋದವರು ಕಾಗಿಣಾ ನದಿಯ ತೀರದಲ್ಲಿ ನಿಂತಾಗ ಆ ರಾಜ್ಯದ ಗಣಿತಜ್ಞರನ್ನೂ ಒಮ್ಮೆ ನೆನೆಯುವುದು ಉಚಿತ.

ಮಹಾವೀರಾಚಾರ್ಯರ ರೀತಿ ಇದು: ಮೇಲೆ ೬, ೫, ೪, ೩, ೨, ೧ ಎಂದು ಇಳಿಯುವ ಅಂಕಗಳನ್ನೂ ಕೆಳಗೆ ೧, ೨, ೩, ೪, ೫, ೬ ಎಂದು ಏರುವ ಅಂಕಗಳನ್ನೂ ಬರೆಯಬೇಕು. ಒಂದೇ ರಸದ ಬಗೆಗಳು ೬ನ್ನು ೧ರಿಂದ ಭಾಗಿಸಿದಷ್ಟು, ಎಂದರೆ ೬. ಎರಡು ರಸಗಳ ಬಗೆಗಳು ೬ × ೫ನ್ನು ೧ × ೨ರಿಂದ ಭಾಗಿಸಿದಷ್ಟು, ಎಂದರೆ ೧೫. ಭಾಗಿಸುವುದು ಏಕೆಂದರೆ, ‘ಬೇವು ಬೆಲ್ಲ’ ಮತ್ತು ‘ಬೆಲ್ಲ ಬೇವು’ ಎಂದು ಒಂದೇ ಮಿಶ್ರಣವನ್ನು ಎರಡು ಸಲ ಎಣಿಸಿಬಿಟ್ಟಿರುತ್ತೇವೆ. ಹೀಗೆಯೇ ಮೂರರ ಬಗೆ ೨೦, ನಾಲ್ಕರದು ೧೫, ಐದರದು ೬, ಆರೂ ಕೂಡಿದುದು ೧. ಒಟ್ಟು ೬೩.

ಈ ಉತ್ತರ ಸರಿಯೆಂದು ಬೇರೊಂದು ದಾರಿಯಿಂದಲೂ ಪರೀಕ್ಷಿಸಬಹುದು. ಒಂದೊಂದು ರಸಕ್ಕೂ ‘ಇದೆ’ ಅಥವಾ ‘ಇಲ್ಲ’ ಎಂಬ ಎರಡೇ ಸ್ಥಿತಿಗಳು. ಆರು ರಸಗಳಿಗೆ ೨ × ೨ × ೨ × ೨ × ೨ × ೨ = ೬೪. ಅವುಗಳಲ್ಲಿ ಯಾವ ರಸವೂ ಇಲ್ಲದ ಒಂದನ್ನು ಬಿಟ್ಟರೆ ೬೩. ಎರಡು ದಾರಿಗಳೂ ಒಂದೇ ಊರನ್ನು ಸೇರಿದುವು. ಎಣಿಕೆಯ ಶಾಸ್ತ್ರದಲ್ಲಿ ಇದೇ ಪ್ರಮಾಣ: ಒಂದನ್ನೇ ಎರಡು ರೀತಿಯಲ್ಲಿ ಎಣಿಸಿ ಒಂದೇ ಸಂಖ್ಯೆ ಬಂದರೆ ಲೆಕ್ಕದಲ್ಲಿ ನಂಬಿಕೆ ಹುಟ್ಟುತ್ತದೆ.

ಭಾಮಿನಿಯ ನಡೆ

‘ಇದೆ’, ‘ಇಲ್ಲ’ ಎಂಬ ಈ ಜೋಡಿಯ ಸ್ಥಾನದಲ್ಲಿ ಗುರು, ಲಘು ಎಂಬ ಜೋಡಿಯನ್ನು ಇಟ್ಟರೆ ನಾವು ಛಂದಶ್ಶಾಸ್ತ್ರಕ್ಕೆ ಬಂದಂತಾಯಿತು. ಆರು ಅಕ್ಷರಗಳ ಪಾದದಲ್ಲಿ ಗುರು ಲಘುಗಳ ವಿನ್ಯಾಸಗಳು ೬೪. ಗಾಯತ್ರೀ ಛಂದಸ್ಸಿನ ೨೪ ಅಕ್ಷರಗಳಿಗೆ ಇಂತಹ ವಿನ್ಯಾಸಗಳು ೧,೬೭,೭೭,೨೧೬ ಎಂಬ ಲೆಕ್ಕವೂ ಲೀಲಾವತಿಯಲ್ಲಿದೆ. ಈ ವಿದ್ಯೆಯ ಮೂಲ ಪಿಂಗಳನ ಛಂದಸ್ಸೂತ್ರ. ಹತ್ತನೆಯ ಶತಮಾನದಲ್ಲಿ ಹಲಾಯುಧನು ಅದಕ್ಕೆ ಬರೆದ ವ್ಯಾಖ್ಯಾನದಲ್ಲಿ ಮೇರುಪ್ರಸ್ತಾರವೆಂಬ ಅಂಕಗಳ ಗೋಪುರವನ್ನು ಕಟ್ಟುವ ಬಗೆಯನ್ನು ವಿವರಿಸಿದ್ದಾನೆ. ಮೇಲಿನ ಎರಡು ಮನೆಗಳ ಅಂಕಗಳನ್ನು ಕೂಡಿಸಿ ಕೆಳಗಿನ ಮನೆಯಲ್ಲಿ ಬರೆಯುತ್ತ ಹೋಗುವುದು. ಅದರ ಒಂದು ಸಾಲಿನಲ್ಲಿ ಬರುವ ೧, ೬, ೧೫, ೨೦, ೧೫, ೬, ೧ ಎಂಬ ಅಂಕಗಳನ್ನು ನಾವು ಈಗತಾನೆ ರಸಗಳಲ್ಲಿ ಕಂಡೆವು. ಫ್ರಾನ್ಸಿನ ಪಾಸ್ಕಲನು ಇದೇ ಗೋಪುರದ ಮೇಲೆ ಗ್ರಂಥ ಬರೆದದ್ದು ೧೬೫೪ರ ಸುಮಾರಿಗೆ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಛಂದೋಗ್ರಂಥವಾದ ಒಂದನೆಯ ನಾಗವರ್ಮನ ಛಂದೋಂಬುಧಿ ಸುಮಾರು ೯೯೦ರದು.

ಮಾತ್ರಾಗಣಗಳ ಎಣಿಕೆ ಇನ್ನೂ ಸೊಗಸಾದುದು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣ ಎಷ್ಟು ಬಗೆ? ಮೂರು ಲಘು, ಗುರು ಲಘು, ಲಘು ಗುರು. ಹೀಗೆ ೩ ಬಗೆ. ನಾಲ್ಕು ಮಾತ್ರೆಯದು ೫ ಬಗೆ, ಐದು ಮಾತ್ರೆಯದು ೮ ಬಗೆ. ಈ ೩ ಮತ್ತು ೫ ಕೂಡಿ ೮ ಆದುದು ಆಕಸ್ಮಿಕವಲ್ಲ. ಐದು ಮಾತ್ರೆಯ ಯಾವ ಗಣವೂ ಲಘುವಿನಿಂದ ಮುಗಿಯಬೇಕು, ಇಲ್ಲವೇ ಗುರುವಿನಿಂದ ಮುಗಿಯಬೇಕು. ಲಘುವಿನಿಂದ ಮುಗಿದರೆ ಅದರ ಹಿಂದೆ ನಾಲ್ಕು ಮಾತ್ರೆ. ಗುರುವಿನಿಂದ ಮುಗಿದರೆ ಅದರ ಹಿಂದೆ ಮೂರು ಮಾತ್ರೆ. ಆದುದರಿಂದ ಹಿಂದಿನ ಎರಡು ಸಂಖ್ಯೆಗಳ ಮೊತ್ತವೇ ಮುಂದಿನ ಸಂಖ್ಯೆ: ೧, ೨, ೩, ೫, ೮, ೧೩, ೨೧. ವಿರಹಾಂಕ, ಹೇಮಚಂದ್ರ ಮೊದಲಾದ ಛಂದಶ್ಶಾಸ್ತ್ರಜ್ಞರು ಹೇಳಿದ ಈ ಶ್ರೇಣಿಯೇ ೧೨೦೨ರಲ್ಲಿ ಗ್ರಂಥ ಬರೆದ ಇಟಲಿಯ ಫಿಬೊನಾಚಿಯ ಹೆಸರಿನಲ್ಲಿ ಲೋಕಪ್ರಸಿದ್ಧವಾಗಿದೆ.

ನಮ್ಮ ಮನೆಗಳಲ್ಲಿ ಪಾರಾಯಣವಾಗುವ ಜಗನ್ನಾಥದಾಸರ ಹರಿಕಥಾಮೃತಸಾರದ ಛಂದಸ್ಸು ಭಾಮಿನೀ ಷಟ್ಪದಿ. ಅದರ ಮೊದಲ ಸಾಲಿನಲ್ಲಿ ೩, ೪, ೩, ೪ ಮಾತ್ರೆಗಳ ನಾಲ್ಕು ಗಣಗಳು. ಯಾವ ನಿರ್ಬಂಧವೂ ಇಲ್ಲದಿದ್ದರೆ ಆ ಸಾಲಿನ ನಡೆಗಳು ೩ × ೫ × ೩ × ೫ = ೨೨೫. ಆದರೆ ಗಣದ ಮೊದಲಿನಲ್ಲಿ ಲಘುವಿನ ಮೇಲೆ ಗುರು ಬಂದರೆ ಓಟ ಕುಂಟುತ್ತದೆಂದು ಕವಿಗಳು ಅದನ್ನು ಬಿಡುವುದು ವಾಡಿಕೆ. ಆಗ ಮೂರು ಮಾತ್ರೆಯ ಗಣಕ್ಕೆ ೨, ನಾಲ್ಕು ಮಾತ್ರೆಯ ಗಣಕ್ಕೆ ೪ ಬಗೆಗಳು ಉಳಿಯುತ್ತವೆ; ಸಾಲಿನ ನಡೆಗಳು ೨ × ೪ × ೨ × ೪ = ೬೪. ಕಿವಿಯು ಇಟ್ಟ ಒಂದೇ ಒಂದು ನಿಯಮದಿಂದ ೨೨೫ ದಾರಿಗಳು ೬೪ಕ್ಕೆ ಇಳಿದುವು. ದಾಸರು ಆ ಅರುವತ್ತನಾಲ್ಕು ನಡೆಗಳೊಳಗೇ ನಡೆದು ಅಷ್ಟು ದೊಡ್ಡ ಗ್ರಂಥವನ್ನು ಹಾಡಿದರು.

ಹೆಬ್ಬಾಳದ ಹೊಲದಲ್ಲಿ

ಈ ಲೆಕ್ಕಗಳು ಪಂಡಿತರ ವಿನೋದ ಮಾತ್ರವೇ ಎಂದು ಕೇಳುವವರುಂಟು. ಅವರನ್ನು ದೂರ ಕರೆದೊಯ್ಯಬೇಕಾಗಿಲ್ಲ. ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳದಿಂದ ಯಲಹಂಕದ ಕಡೆಗೆ ಹೊರಟರೆ ಸಾಕು. ಹೆಬ್ಬಾಳದಲ್ಲಿ ೧೮೯೯ರಲ್ಲಿ ಕೃಷಿ ಪ್ರಯೋಗಕ್ಷೇತ್ರ ಆರಂಭವಾಯಿತು. ೧೯೪೬ರಲ್ಲಿ ಕೃಷಿ ಕಾಲೇಜು, ೧೯೬೪ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಬಂದುವು. ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಹೊಲಗಳನ್ನು ಆ ರಸ್ತೆಯಲ್ಲಿ ಓಡಾಡುವವರೆಲ್ಲ ಕಂಡಿದ್ದಾರೆ.

ಅ, ಆ, ಇ, ಈ ಎಂಬ ನಾಲ್ಕು ರಾಗಿ ತಳಿಗಳಲ್ಲಿ ಯಾವುದು ಮೇಲೆಂದು ಪರೀಕ್ಷಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ. ಹೊಲದ ಒಂದು ಕಡೆ ಕೆರೆಯ ತೇವ, ಇನ್ನೊಂದು ಕಡೆ ದಿಣ್ಣೆಯ ಒಣನೆಲ. ಒಂದು ಬದಿ ಕೆಂಪು ಮಣ್ಣು ಆಳ, ಮತ್ತೊಂದು ಬದಿ ತೆಳು. ‘ಅ’ ತಳಿಯನ್ನೆಲ್ಲ ಕೆರೆಯ ಕಡೆಗೇ ಬಿತ್ತಿದರೆ ಹೆಚ್ಚು ಬೆಳೆದದ್ದು ತಳಿಯ ಗುಣದಿಂದಲೋ ನೆಲದ ಗುಣದಿಂದಲೋ ತಿಳಿಯದು. ಆದುದರಿಂದ ಹೊಲವನ್ನು ಹದಿನಾರು ಮಡಿಗಳಾಗಿ ಮಾಡಿ, ಪ್ರತಿ ಅಡ್ಡಸಾಲಿನಲ್ಲಿಯೂ ಪ್ರತಿ ಉದ್ದಸಾಲಿನಲ್ಲಿಯೂ ಒಂದೊಂದು ತಳಿ ಒಂದೇ ಸಲ ಬರುವಂತೆ ಬಿತ್ತುತ್ತಾರೆ:

ಅ ಆ ಇ ಈ
ಆ ಅ ಈ ಇ
ಇ ಈ ಅ ಆ
ಈ ಇ ಆ ಅ

ಇದಕ್ಕೆ ಲ್ಯಾಟಿನ್ ಚೌಕವೆಂದು ಹೆಸರು. ಇಂತಹ ಚೌಕಗಳು ಎಷ್ಟು? ಮೊದಲ ಸಾಲು ನಾಲ್ಕು ಅಕ್ಷರಗಳ ಯಾವ ಕ್ರಮವಾದರೂ ಆಗಬಹುದು. ನಮಗೆ ಪರಿಚಿತವಾದ ೨೪. ಮೊದಲ ಸಾಲನ್ನು ನಿಲ್ಲಿಸಿದ ಮೇಲೆ ಉಳಿದ ಮೂರು ಸಾಲುಗಳನ್ನು ತುಂಬುವ ಬಗೆಗಳೂ ೨೪. ಒಟ್ಟು ೨೪ × ೨೪ = ೫೭೬. ಇಂಗ್ಲೆಂಡಿನ ಫಿಷರ್ ಎಂಬ ವಿದ್ವಾಂಸರು ರೋಥಾಮ್‌ಸ್ಟೆಡ್ ಕೃಷಿ ಸಂಸ್ಥೆಯ ಅನುಭವದಿಂದ, ಈ ಚೌಕಗಳಲ್ಲಿ ಒಂದನ್ನು ಚೀಟಿ ಎತ್ತಿದಂತೆ ಆರಿಸಿಕೊಳ್ಳಬೇಕೆಂದು ಬೋಧಿಸಿದರು. ಪ್ರಯೋಗಗಳ ವಿನ್ಯಾಸದ ಮೇಲೆ ಅವರ ಗ್ರಂಥ ೧೯೩೫ರಲ್ಲಿ ಪ್ರಕಟವಾಯಿತು. ಪಕ್ಷಪಾತಕ್ಕೆ ಎಡೆಯಿರಬಾರದೆಂಬುದೇ ಕಾರಣ. ತಳಿಗಳು ಬಹಳವಾದರೆ ಚೌಕವು ಹೊಲಕ್ಕಿಂತ ದೊಡ್ಡದಾಗುವುದರಿಂದ ಬೇರೆ ವಿನ್ಯಾಸಗಳನ್ನು ಹಿಡಿಯುತ್ತಾರೆ, ತತ್ತ್ವ ಅದೇ.

ಇನ್ನು ತಳಿಗಳ ಜೊತೆಗೆ ನಾಲ್ಕು ಗೊಬ್ಬರಗಳನ್ನೂ ಪರೀಕ್ಷಿಸಬೇಕಾದರೆ, ಎರಡು ಚೌಕಗಳನ್ನು ಒಂದರ ಮೇಲೊಂದಿಟ್ಟು ಪ್ರತಿಯೊಂದು ತಳಿಯೂ ಪ್ರತಿಯೊಂದು ಗೊಬ್ಬರದೊಡನೆ ಒಂದೇ ಸಲ ಸೇರುವಂತೆ ಮಾಡಬೇಕು. ನಾಲ್ಕಕ್ಕೆ ಇದು ಸಾಧ್ಯ. ಆರಕ್ಕೆ ಅಸಾಧ್ಯವೆಂದೂ, ಹತ್ತು, ಹದಿನಾಲ್ಕು ಮೊದಲಾದ ಅದೇ ಜಾತಿಯ ಸಂಖ್ಯೆಗಳಿಗೂ ಅಸಾಧ್ಯವೆಂದೂ ೧೭೮೨ರಲ್ಲಿ ಮಹಾಗಣಿತಜ್ಞ ಆಯ್ಲರ್ ಊಹಿಸಿದನು. ಆರರ ಮಾತು ನಿಜವೆಂದು ೧೯೦೧ರಲ್ಲಿ ಟಾರಿ ಎಂಬವನು ಎಲ್ಲ ಬಗೆಗಳನ್ನೂ ವರ್ಗಮಾಡಿ ತೋರಿಸಿದನು. ಆದರೆ ೧೯೫೯ರಲ್ಲಿ ಭಾರತೀಯರಾದ ರಾಜಚಂದ್ರ ಬೋಸ್ ಮತ್ತು ಶರದಚಂದ್ರ ಶ್ರೀಖಂಡೆ ಇಪ್ಪತ್ತೆರಡಕ್ಕೆ ಅಂತಹ ಜೋಡಿಯನ್ನು ಕಟ್ಟಿದರು. ಅಮೆರಿಕದ ಪಾರ್ಕರ್ ಹತ್ತಕ್ಕೆ ಕಟ್ಟಿದರು. ಮೂವರೂ ಕೂಡಿ ಆರಕ್ಕಿಂತ ದೊಡ್ಡದಾದ ಯಾವ ಸಂಖ್ಯೆಗೂ ಅದು ಸಾಧ್ಯವೆಂದು ಸಿದ್ಧಪಡಿಸಿದರು. ನೂರ ಎಪ್ಪತ್ತೇಳು ವರ್ಷ ಲೋಕವು ನಂಬಿದ್ದ ಮಹಾಪುರುಷನ ಮಾತು ಎಣಿಕೆಯ ಮುಂದೆ ನಿಲ್ಲಲಿಲ್ಲ.

ಕರ್ನಾಟಕದ ಮಣ್ಣಿಗೂ ಇದರಲ್ಲಿ ಪಾಲುಂಟು. ಇಂದು ವಿಜಯನಗರ ಜಿಲ್ಲೆಯಲ್ಲಿರುವ ಹೂವಿನ ಹಡಗಲಿಯಲ್ಲಿ ೧೯೨೦ರ ಸೆಪ್ಟೆಂಬರ್ ೧೦ರಂದು ಜನಿಸಿ, ೨೦೨೩ರ ಆಗಸ್ಟ್ ೨೨ರಂದು ನೂರ ಎರಡು ವರ್ಷಗಳ ತುಂಬುಜೀವನವನ್ನು ಮುಗಿಸಿದ ಸಿ. ಆರ್. ರಾವ್ ಅವರು ೧೯೪೦ರ ದಶಕದಲ್ಲಿ ಈ ವಿಚಾರವನ್ನು ಮುಂದುವರಿಸಿದರು. ನೀರು, ಗೊಬ್ಬರ, ಬಿತ್ತನೆಯ ಕಾಲ ಎಂಬ ಮೂರು ಅಂಶಗಳಿಗೆ ಎರಡೆರಡು ಬಗೆಗಳಿದ್ದರೆ ಒಟ್ಟು ಎಂಟು ಪ್ರಯೋಗಗಳು. ಆದರೆ ೧೧೧, ೧೨೨, ೨೧೨, ೨೨೧ ಎಂಬ ನಾಲ್ಕನ್ನೇ ಮಾಡಿದರೂ, ಯಾವ ಎರಡು ಅಂಶಗಳನ್ನು ನೋಡಿದರೂ ಅವುಗಳ ನಾಲ್ಕು ಜೋಡಿಗಳೂ ಒಂದೊಂದು ಸಲ ಬಂದಿರುತ್ತವೆ. ಓದುಗರು ಬೆರಳಿಟ್ಟು ಪರೀಕ್ಷಿಸಬಹುದು. ಅರ್ಧ ಶ್ರಮದಲ್ಲಿ ಸಮತೂಕದ ಸಾಕ್ಷ್ಯ ದೊರೆಯುವ ಇಂತಹ ವಿನ್ಯಾಸಗಳನ್ನು ಮುಂದೆ ಕಾರ್ಖಾನೆಗಳೂ ಸರಕಿನ ಗುಣಮಟ್ಟದ ಪರೀಕ್ಷೆಗೆ ಬಳಸಿಕೊಂಡುವು.

ಜೀವಕೋಶದ ಅಕ್ಷರಗಳು

ಅದೇ ಕೃಷಿ ಕೇಂದ್ರದ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವೂ ಇದೆ. ಜೀವವಿಜ್ಞಾನಕ್ಕೂ ಈ ಎಣಿಕೆ ಒಮ್ಮೆ ದಾರಿ ತೋರಿಸಿತು. ಜೀವಕೋಶದಲ್ಲಿ ಪ್ರೋಟೀನುಗಳನ್ನು ಕಟ್ಟುವ ಆದೇಶವು ನಾಲ್ಕೇ ‘ಅಕ್ಷರ’ಗಳಲ್ಲಿ ಬರೆದಿರುತ್ತದೆ, ಆದರೆ ಕಟ್ಟಲು ಬೇಕಾದ ಅಮೈನೋ ಆಮ್ಲಗಳು ಇಪ್ಪತ್ತು. ಒಂದೊಂದು ಅಕ್ಷರವೇ ಒಂದು ಪದವಾದರೆ ಪದಗಳು ೪ ಮಾತ್ರ. ಎರಡೆರಡು ಅಕ್ಷರಗಳಾದರೆ ೪ × ೪ = ೧೬; ಅದೂ ಸಾಲದು. ಮೂರು ಅಕ್ಷರಗಳಾದರೆ ೪ × ೪ × ೪ = ೬೪; ಸಾಕು. ಆದುದರಿಂದ ಪದಗಳ ಉದ್ದ ಒಂದೇ ಸಮನಾಗಿದ್ದರೆ ಅದು ಮೂರಕ್ಕಿಂತ ಕಡಮೆಯಿರಲಾರದೆಂದು, ಪ್ರಯೋಗ ನಡೆಯುವ ಮೊದಲೇ, ೧೯೫೪ರಲ್ಲಿ ಭೌತವಿಜ್ಞಾನಿ ಗ್ಯಾಮೊ ವಾದಿಸಿದರು. ೧೯೬೧ರಿಂದ ನಡೆದ ಪ್ರಯೋಗಗಳು ಮೂರೇ ಅಕ್ಷರಗಳೆಂದು ದೃಢಪಡಿಸಿದುವು. ಅರುವತ್ತನಾಲ್ಕರಲ್ಲಿ ೬೧ ಪದಗಳು ಆಮ್ಲಗಳನ್ನು ಸೂಚಿಸುತ್ತವೆ, ೩ ‘ಇಲ್ಲಿಗೆ ನಿಲ್ಲಿಸು’ ಎನ್ನುತ್ತವೆ. ಈ ಲಿಪಿಯನ್ನು ಓದಿದುದಕ್ಕಾಗಿ ೧೯೬೮ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಮೂವರಲ್ಲಿ ಭಾರತದಲ್ಲಿ ಹುಟ್ಟಿ ಬೆಳೆದ ಹರಗೋವಿಂದ ಖುರಾನಾ ಒಬ್ಬರು.

ಸಂಖ್ಯೆ ಒಂದಾದರೆ ಸಂಬಂಧ ಉಂಟೇ?

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ಪಾಠ ಪೂರ್ಣವಾಗುವುದಿಲ್ಲ. ಭಾಮಿನಿಯ ಸಾಲಿನ ನಡೆಗಳು ೬೪. ಜೀವಕೋಶದ ಪದಗಳೂ ೬೪. ಇದನ್ನು ಕಂಡು, ದಾಸರಿಗೆ ಜೀವಕೋಶದ ರಹಸ್ಯ ತಿಳಿದಿತ್ತೆಂದು ಯಾರಾದರೂ ಮೊಬೈಲಿನಲ್ಲಿ ಬರೆದು ಊರಿಗೆಲ್ಲ ಹಂಚಬಹುದು. ಅಂತಹ ಮಾತುಗಳನ್ನು ನಾವು ಒಪ್ಪಬಾರದು. ಆರು ರಸಗಳ ಲೆಕ್ಕವೂ ಆರು ಅಕ್ಷರಗಳ ಪ್ರಸ್ತಾರವೂ ಒಂದಾದುದಕ್ಕೆ ಕಾರಣವುಂಟು: ಎರಡರಲ್ಲಿಯೂ ನಡೆಯುವುದು ಎರಡೆರಡು ಆಯ್ಕೆಗಳು, ಆರು ಸಲ; ಗುರುವಿದ್ದಲ್ಲಿ ರಸವಿದೆ, ಲಘುವಿದ್ದಲ್ಲಿ ಇಲ್ಲ ಎಂದು ಒಂದಕ್ಕೊಂದು ತಾನಾಗಿಯೇ ಹೊಂದುತ್ತದೆ. ಭಾಮಿನಿಗೂ ಜೀವಕೋಶಕ್ಕೂ ಅಂತಹ ಹೊಂದಿಕೆ ಇಲ್ಲ. ಬಲವಂತದಿಂದ ಜೋಡಿಸಬಹುದು, ಒಂದರ ರಚನೆಯಿಂದ ಇನ್ನೊಂದರ ರಚನೆ ಹೊರಡುವುದಿಲ್ಲ. ದಾಸರ ಹಿರಿಮೆಗೆ ಇಂತಹ ಊರುಗೋಲು ಬೇಕಾಗಿಯೂ ಇಲ್ಲ.

ಪಟದ ನಿರ್ಣಯ

ಈಗ ಯಲಹಂಕದ ಪಟದ ಬಳಿಗೆ ಬರೋಣ. ಆ ಸಂಜೆ ನಾವು ಮಾಡಿದುದು ಇಷ್ಟೆ. ಒಂದು ಹಾಳೆಯಲ್ಲಿ ಇಪ್ಪತ್ತನಾಲ್ಕು ವಿನ್ಯಾಸಗಳ ಪ್ರಸ್ತಾರವನ್ನು ಬರೆದು ಹುಡುಗಿಯ ಕೈಗೆ ಪೆನ್ಸಿಲನ್ನು ಕೊಟ್ಟೆವು. ಪಟದ ಒಂದೊಂದು ಮೂರ್ತಿಯ ಕೈಗಳನ್ನೂ ತಾತನವರು ಓದುತ್ತ ಹೋದರು. ಅವಳು ಗುರುತು ಹಾಕುತ್ತ ಹೋದಳು. ಇಪ್ಪತ್ತನಾಲ್ಕು ಗುರುತುಗಳು, ಇಪ್ಪತ್ತನಾಲ್ಕು ಮನೆಗಳು. ಒಂದು ಮನೆಯಲ್ಲಿ ಎರಡು ಗುರುತು ಬಿದ್ದರೆ ಇನ್ನೊಂದು ಮನೆ ಬರಿದಾಗಿರಲೇಬೇಕು. ಹಾಗೆಯೇ ಆಯಿತು: ಗಪಶಚ ಎಂಬಲ್ಲಿ ಎರಡು ಗುರುತುಗಳು, ಚಶಪಗ ಎಂಬ ಮನೆ ಬರಿದು.

ಈ ಎರಡನ್ನೂ ಅಕ್ಕಪಕ್ಕದಲ್ಲಿ ಬರೆದಾಗ ಹುಡುಗಿಯೇ ಹೇಳಿದಳು: “ಒಂದನ್ನು ಹಿಂದುಮುಂದಾಗಿ ಓದಿದರೆ ಇನ್ನೊಂದು!” ಹೌದು. ಕನ್ನಡಿಯಲ್ಲಿ ನೋಡಿದಾಗ ಬಲ ಎಡವಾಗುತ್ತದೆ. ಆಗ ಕೈಗಳ ಕ್ರಮ ಸರಿಯಾಗಿ ತಿರುಗುಮುರುಗಾಗುತ್ತದೆ. ಇಪ್ಪತ್ತನಾಲ್ಕು ವಿನ್ಯಾಸಗಳು ಹೀಗೆ ಹನ್ನೆರಡು ಕನ್ನಡಿಯ ಜೋಡಿಗಳಾಗುತ್ತವೆ. ತನ್ನ ಪ್ರತಿಬಿಂಬದಂತೆಯೇ ಇರುವ ವಿನ್ಯಾಸ ಒಂದೂ ಇಲ್ಲ. ಎಂದರೆ, ಯಾವ ಮೂರ್ತಿಯ ಚಿತ್ರವನ್ನೇ ಆಗಲಿ ಅಚ್ಚಿನಲ್ಲಿ ತಿರುವಿಬಿಟ್ಟರೆ ಅದು ಕೆಟ್ಟ ಚಿತ್ರವಾಗುವುದಿಲ್ಲ, ಬೇರೊಂದು ಮೂರ್ತಿಯೇ ಆಗಿಬಿಡುತ್ತದೆ. ಆದುದರಿಂದಲೇ ಈ ತಪ್ಪು ಕಣ್ಣಿಗೆ ಬೀಳುವುದು ಕಷ್ಟ.

ಆದರೆ ಎರಡು ಚಿತ್ರಗಳಲ್ಲಿ ತಿರುವಿದುದು ಯಾವುದು? ಇದನ್ನು ಎಣಿಕೆ ಹೇಳಲಾರದು. ತಪ್ಪು ಇದೆ ಎಂದಷ್ಟೇ ಅದು ಹೇಳುತ್ತದೆ. ತಾತನವರು ಭೂತಗನ್ನಡಿಯನ್ನು ಹಿಡಿದು ನೋಡಿದರು. ಒಂದು ಮೂರ್ತಿಯಲ್ಲಿ ಯಜ್ಞೋಪವೀತವು ಎಲ್ಲ ಮೂರ್ತಿಗಳಲ್ಲಿರುವಂತೆ ಎಡಹೆಗಲಿನಿಂದ ಇಳಿದಿತ್ತು; ಇನ್ನೊಂದರಲ್ಲಿ ಬಲಹೆಗಲಿನಿಂದ. ಸಂಶಯ ತೀರಿತು. ಅಚ್ಚು ಹಾಕುವಾಗ ಆ ಒಂದು ಚಿತ್ರ ತಿರುಗಿಹೋಗಿತ್ತು. ಆ ಮೂರ್ತಿಯ ಹೆಸರಿಗೆ ಚಶಪಗ ಎಂಬ ವಿನ್ಯಾಸವೇ ಸಲ್ಲುವುದೋ ಎಂಬುದನ್ನು ಮಾತ್ರ ಗ್ರಂಥ ನೋಡಿ ವಿದ್ವಾಂಸರಿಂದ ತಿಳಿದುಕೊಳ್ಳುವಂತೆ ಹೇಳಿದೆವು. ಪುರಾಣಗಳಲ್ಲಿ ನಾಮಕ್ಕೂ ವಿನ್ಯಾಸಕ್ಕೂ ಸಂಬಂಧಿಸಿದಂತೆ ಪಾಠಭೇದಗಳಿರುವುದರಿಂದ ಅದು ಶಾಸ್ತ್ರದ ನಿರ್ಣಯ, ಲೆಕ್ಕದ ನಿರ್ಣಯವಲ್ಲ.

ಮೊಬೈಲಿನಲ್ಲಿ ಚಿತ್ರವನ್ನು ತಿರುವುವುದು ಇಂದು ಒಂದು ಬೆರಳಿನ ಕೆಲಸ. ಆದುದರಿಂದ ದೇವರ ಚಿತ್ರವನ್ನು ಮನೆಗೆ ತರುವಾಗ ಕೈಗಳನ್ನು ಒಮ್ಮೆ ಓದಿ, ಯಜ್ಞೋಪವೀತವನ್ನು ಒಮ್ಮೆ ನೋಡಿರೆಂದು ಓದುಗರಲ್ಲಿ ವಿನಂತಿ. ಮಕ್ಕಳು ಪ್ರಶ್ನೆ ಕೇಳಿದಾಗ ಗದರದೆ ಪೆನ್ಸಿಲನ್ನು ಕೊಡಿರೆಂಬುದು ಎರಡನೆಯ ವಿನಂತಿ.

ಮಕ್ಕಳ ಅಭ್ಯಾಸಕ್ಕೆ

೧. ಆರು ಮಾತ್ರೆಯ ಗಣಗಳು ಎಷ್ಟು ಬಗೆ? ಪ್ರಸ್ತಾರ ಹಾಕಿ ತೋರಿಸಿರಿ.

೨. ಸಾಲಿನಲ್ಲಿ ಎಂಟು ದೀಪಗಳಿವೆ. ಒಂದಾದರೂ ಉರಿಯುತ್ತಿರುವಂತೆ ಎಷ್ಟು ಬಗೆಯಾಗಿ ಹಚ್ಚಬಹುದು?

೩. ಶಂಖದಿಂದ ಆರಂಭವಾಗುವ ಆರು ವಿನ್ಯಾಸಗಳನ್ನು ಬರೆದು, ಪ್ರತಿಯೊಂದರ ಕನ್ನಡಿಯ ಜೋಡಿಯನ್ನು ಹುಡುಕಿರಿ. ಆ ಜೋಡಿಗಳಲ್ಲಿ ಯಾವುದಾದರೂ ಶಂಖದಿಂದಲೇ ಆರಂಭವಾಗುವುದೇ?

ಉತ್ತರಗಳು: ೧. ಹದಿಮೂರು. ೨. ಇನ್ನೂರ ಐವತ್ತೈದು. ೩. ಇಲ್ಲ, ಎಲ್ಲವೂ ಶಂಖದಿಂದ ಮುಗಿಯುತ್ತವೆ.

ಶ್ರೀಕೃಷ್ಣಾರ್ಪಣಮಸ್ತು